ಗ್ರೌಂಡ್ ಬಿಟ್ಟು ಏರಿನಲ್ಲೇ ಕಾರು ಕಲಿತೆ

ಕಾರು ಕಲಿಯುವವರಿಗೆ ಎಲ್ಲರೂ ಹೇಳೋದು ಒಂದೇ ಮಾತು: ಮೊದಲು ಗ್ರೌಂಡ್‌ನಲ್ಲಿ ಕೈ ಪಳಗಲಿ, ಏರು ಆಮೇಲೆ ನೋಡೋಣ. ನಾನು ಮೊದಲು ಏರಿಗೇ ಹೋದೆ. ಮನೆಯಲ್ಲೂ ಒಪ್ಪಲಿಲ್ಲ, ಗ್ಯಾರೇಜಿನಲ್ಲೂ ಒಪ್ಪಲಿಲ್ಲ. ಕಳೆದ ಡಿಸೆಂಬರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿಸಿ, ಕೊಟ್ಟಿಗೆಹಾರದಲ್ಲಿ ಎಲ್ಲರಿಗೂ ನೀರುದೋಸೆ ತಿನ್ನಿಸಿದ ಮೇಲೆ ಯಾರೂ ಮಾತಾಡಲಿಲ್ಲ. ಲೈಸೆನ್ಸ್ ಇದ್ದೂ ಗಾಡಿ ತೆಗೆಯಲು ಹೆದರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗೇರ್, ಕ್ಲಚ್ ಎಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಮತ್ತೆ ಹೇಳೋದಿಲ್ಲ.

ನಮ್ಮದು ಮಂಗಳೂರು. ಇಲ್ಲಿ ಸಮತಟ್ಟು ರಸ್ತೆಯನ್ನು ಹುಡುಕಬೇಕು. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ಕಡೆ ತಿರುಗಿದರೆ ಏರು, ನಂತೂರಿಗೆ ಬಂದರೆ ಅಲ್ಲೂ ಏರು. ಏರಿನಲ್ಲಿ ನಿಲ್ಲಿಸಿ ಎತ್ತಲು ಬಾರದವರಿಗೆ ಈ ಊರಿನಲ್ಲಿ ಕಾರು ಇದ್ದೂ ಉಪಯೋಗ ಇಲ್ಲ.

ಮೊದಲು ಡ್ರೈವಿಂಗ್ ಸ್ಕೂಲಿಗೆ ಸುಮಾರು ಆರು ಸಾವಿರ ಕೊಟ್ಟೆ. ಅಲ್ಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಕ್ಲಚ್, ಬ್ರೇಕ್ ಇರುತ್ತದಲ್ವಾ. ಏರು ಬಂದಾಗಲೆಲ್ಲ ಅವರೇ ಒತ್ತುತ್ತಿದ್ದರು. ನಾನು ಸುಮ್ನೆ ಸ್ಟೇರಿಂಗ್ ಹಿಡಿದುಕೊಂಡಿದ್ದೆ ಅಷ್ಟೇ. ಟೆಸ್ಟ್‌ನಲ್ಲಿ ಎಂಟು ಹಾಕಿ ಪಾಸಾದೆ, ಲೈಸೆನ್ಸೂ ಬಂತು. ಹಾಫ್ ಕ್ಲಚ್ ಮಾತ್ರ, ಅಂದರೆ ಪೆಡಲ್ ಅರ್ಧ ಬಿಟ್ಟು ಇಂಜಿನ್ ಹಿಡಿಯುವ ಜಾಗದಲ್ಲಿ ಕಾಲು ನಿಲ್ಲಿಸೋದು, ಕಾಲಿಗೆ ಬರಲಿಲ್ಲ.

ಆಮೇಲೆ ಹಳೇ ಆಲ್ಟೋ ತಗೊಂಡೆವು, 2011ರ ಮಾಡೆಲ್, ಒಂದೂವರೆ ಲಕ್ಷದ ಒಳಗೆ. ಭಾನುವಾರ ಭಾನುವಾರ ಮೈದಾನದಲ್ಲಿ ಸುತ್ತಿದ್ದೇ ಸುತ್ತಿದ್ದು. ಅಲ್ಲಿ ಎಲ್ಲ ಸರಿ. ರಸ್ತೆಗೆ ಬಂದು ಏರಿನಲ್ಲಿ ನಿಂತರೆ ಮಾತ್ರ ಗಾಡಿ ಆಫ್. ಹಿಂದೆ ಸಿಟಿ ಬಸ್ಸಿನ ಹಾರ್ನ್, ಪಕ್ಕದಲ್ಲಿ ಯಜಮಾನರ ಕೂಗು. "ರೇಸ್ ಕೊಡು, ರೇಸ್ ಕೊಡು" ಅನ್ನುತ್ತಿದ್ದರು. ಕೊಟ್ಟೆ. ಇಂಜಿನ್ ಕಿರುಚಿತು, ಕ್ಲಚ್ ವಾಸನೆ ಬಂತು, ಗಾಡಿ ಜಿಗಿದು ಮತ್ತೆ ಆಫ್ ಆಯಿತು. "ಇದನ್ನು ಮಾರಿ ಆಟೋಮ್ಯಾಟಿಕ್ ತಗೊಳ್ಳುವ" ಅಂದರು ಭಾವ. ಹೊಸ ಗಾಡಿಯಲ್ಲಿ ಎಎಂಟಿಗೆ, ಅಂದರೆ ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಗೇರಿಗೆ, ಸುಮಾರು ಐವತ್ತು ಸಾವಿರ ಜಾಸ್ತಿ, ಅದೂ ಹೊಸ ಗಾಡಿಯ ರೇಟಿನ ಮೇಲೆ. ಅಷ್ಟು ದುಡ್ಡು ಹಾಕಲು ನನಗೆ ಮನಸ್ಸಿರಲಿಲ್ಲ. ಒಂದು ಪೆಡಲ್‌ಗೆ ಹೆದರಿ ಗಾಡಿ ಮಾರುವುದಂತೂ ಸಾಧ್ಯವೇ ಇರಲಿಲ್ಲ.

ಗ್ರೌಂಡ್‌ನಲ್ಲಿ ಕ್ಲಚ್ ಸ್ವಲ್ಪ ಹೆಚ್ಚುಕಡಿಮೆ ಬಿಟ್ಟರೂ ಗಾಡಿ ಹೋಗುತ್ತದೆ. ಕಾಲು ಎಲ್ಲಿ ನಿಲ್ಲಬೇಕು ಅಂತ ಅಲ್ಲಿ ಗೊತ್ತಾಗೋದೇ ಇಲ್ಲ. ಏರಿನಲ್ಲಾದರೆ ಕ್ಲಚ್ ಪ್ಲೇಟ್ ಇಂಜಿನ್ನನ್ನು ಹಿಡಿದರೆ ಗಾಡಿ ನಿಲ್ಲುತ್ತದೆ, ಹಿಡಿಯದಿದ್ದರೆ ಹಿಂದೆ ಜಾರುತ್ತದೆ. ಉತ್ತರ ಆ ಕ್ಷಣವೇ ಸಿಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನನಗೆ ಖಾತ್ರಿಯಾಯಿತು.

ಶುರು ಮಾಡುವ ಮೊದಲು ಕ್ಲಚ್ ಪ್ಲೇಟ್ ಸೆಟ್ ಬದಲಾಯಿಸಿದೆ. ಲೇಬರ್ ಸೇರಿ ಐದೂವರೆ ಸಾವಿರದ ಹತ್ತಿರ. ಪೆಡಲ್ ತೀರಾ ಮೇಲೆ ಬಂದ ಮೇಲೇ ಹಳೇ ಪ್ಲೇಟ್ ಹಿಡಿಯುತ್ತಿತ್ತು. ಮೆಕ್ಯಾನಿಕ್ ಹುಡುಗ ಹೇಳಿದ: "ಅಕ್ಕ, ಏರಿನಲ್ಲಿ ಕಲಿತ್ರೆ ಈ ಪ್ಲೇಟೂ ಆರು ತಿಂಗಳು ಬರುದಿಲ್ಲ." ಒಂದೂವರೆ ವರ್ಷದ ಮೇಲಾಯಿತು, ಅದೇ ಪ್ಲೇಟ್ ಓಡುತ್ತಿದೆ. ನಡುವೆ ಒಮ್ಮೆ ಕೇಬಲ್ ಟೈಟ್ ಮಾಡಿಸಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ.

ಜಾಗ ನಮ್ಮ ಮನೆ ಹಿಂದಿನ ಕಾಂಕ್ರೀಟ್ ಏರು. ಮೇಲೆ ಎರಡೇ ಮನೆ, ವಾಹನ ಇಲ್ಲ. ಹಿಂದಿನ ಎರಡೂ ಚಕ್ರಗಳ ಹಿಂದೆ ಒಂದು ಗೇಣು ಬಿಟ್ಟು ಮುರಕಲ್ಲು ಇಟ್ಟೆ. ಎಸಿ ಆಫ್, ರೇಡಿಯೋ ಆಫ್, ಗಾಜು ಪೂರ್ತಿ ಕೆಳಗೆ. ಹ್ಯಾಂಡ್ ಬ್ರೇಕ್ ಎಳೆದು ಫಸ್ಟ್ ಗೇರ್ ಹಾಕಿ, ರೇಸ್ ಮುಟ್ಟದೆ, ಹಿಮ್ಮಡಿ ನೆಲಕ್ಕೆ ಊರಿ ಕ್ಲಚ್ ಬಿಡುತ್ತಾ ಬಂದೆ. ಇಂಜಿನ್ ಸದ್ದು ದಪ್ಪಗಾಗುತ್ತದೆ, ಗೇರ್ ರಾಡ್ ಸಣ್ಣಗೆ ನಡುಗುತ್ತದೆ, ಬಾನೆಟ್ ಕೂದಲೆಳೆಯಷ್ಟು ಏಳುತ್ತದೆ. ಕಾಲು ಅಲ್ಲೇ ನಿಲ್ಲಬೇಕು. ಹ್ಯಾಂಡ್ ಬ್ರೇಕ್ ಇಳಿಸಿ ನೋಡಿದರೆ ಗಾಡಿ ಮುಂದೂ ಇಲ್ಲ, ಹಿಂದೂ ಇಲ್ಲ. ಎರಡು ಮೂರು ಸೆಕೆಂಡ್ ಅಷ್ಟೇ. ತಕ್ಷಣ ಹ್ಯಾಂಡ್ ಬ್ರೇಕ್ ಎಳೆದು ಕ್ಲಚ್ ಒತ್ತಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ. ಪ್ಲೇಟ್ ಸುಡೋದು ಹಾಫ್ ಕ್ಲಚ್‌ನಲ್ಲಿ ಎಳೆದಾಡಿಕೊಂಡು ನಿಂತಾಗ. ಹೀಗೆ ಬಿಟ್ಟು ಬಿಟ್ಟು ಮಾಡಿದರೆ ಅಷ್ಟು ಸವೆಯೋದಿಲ್ಲ.

ಮೊದಲ ವಾರ ಪೂರ್ತಿ ಗಾಡಿ ಒಂದು ಅಡಿಯೂ ಮುಂದೆ ಹೋಗಲಿಲ್ಲ. ಹೋಗಬಾರದು ಅಂತಲೇ ನನ್ನ ನಿಯಮ ಇತ್ತು. ಭಾವ ಗೇಟಿನಲ್ಲಿ ನಿಂತು, "ಪೆಟ್ರೋಲ್ ದಂಡ" ಅನ್ನುತ್ತಿದ್ದರು. ಆ ವಾರದ ಪೆಟ್ರೋಲ್ ಐನೂರು ರೂಪಾಯಿಯೂ ಆಗಿರಲಿಕ್ಕಿಲ್ಲ. ಎರಡನೇ ವಾರ ತೆಳ್ಳಗೆ ರೇಸ್ ಸೇರಿಸಿದೆ. ಗಾಡಿ ತಾನಾಗಿ ಹತ್ತಿತು. ಕಡಿದಾದ ಏರಿಗೆ ರೇಸ್ ಮೊದಲೋ ಕ್ಲಚ್ ಮೊದಲೋ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಪೆಡಲ್ ಪಕ್ಕದ ಮ್ಯಾಟ್ ಮೇಲೆ ಒಂದು ಗುರುತೂ ಇದೆ. ಅವೆರಡನ್ನು ಇಲ್ಲಿ ಬಿಟ್ಟುಕೊಡೋದಿಲ್ಲ. ಪಕ್ಕದಲ್ಲಿ ಕೂತು ಕಲಿಯುವವರಿಗೆ ಮಾತ್ರ ಹೇಳಿಕೊಡುತ್ತೇನೆ.

ನಡುವೆ ಬೇರೆ ಬೇರೆ ಪ್ರಯೋಗಗಳೂ ಆದವು. ಡಿಕ್ಕಿಯಲ್ಲಿ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿ ಬಿಟ್ಟೆ. ಜರ್ಕ್ ಆದರೆ ಅದು ಉರುಳಿ ಹಿಂದಿನ ಬಾಗಿಲಿಗೆ 'ದಡ್' ಅಂತ ಬಡಿಯುತ್ತಿತ್ತು. ಸದ್ದು ನಿಂತ ದಿನ ನನ್ನ ಕ್ಲಚ್ ಸರಿಯಾಯಿತು ಅಂತ ಲೆಕ್ಕ. ಆಮೇಲೆ ಐವತ್ತು ಕೆಜಿಯ ಎರಡು ಅಕ್ಕಿ ಮೂಟೆ ಹಾಕಿ ನೋಡಿದೆ. ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರದ ಹಿಡಿತ ಕಡಿಮೆ. ಆಲ್ಟೋಗೆ ಎಳೆಯುವುದು ಮುಂದಿನ ಚಕ್ರವೇ ಅಲ್ವಾ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಂಕ್ರೀಟಿನಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಚಕ್ರ ಸುಮ್ನೆ ತಿರುಗುತ್ತಿತ್ತು, ಗಾಡಿ ಹತ್ತಲಿಲ್ಲ. ರೇಸ್ ಇಳಿಸಿದ ಮೇಲೇ ಹತ್ತಿದ್ದು. ಚಪ್ಪಲಿಯಲ್ಲಿ ಹವಾಯಿ ಬೇಡವೇ ಬೇಡ. ತೆಳು ತಳದ ಕ್ಯಾನ್ವಾಸ್ ಶೂ ನನಗೆ ಒಗ್ಗಿತು. ಭಾವನ ಡೀಸೆಲ್ ಸ್ವಿಫ್ಟ್‌ನಲ್ಲೂ ಮಾಡಿ ನೋಡಿದೆ. ಅದು ಸಣ್ಣ ಏರನ್ನು ರೇಸ್ ಇಲ್ಲದೇ ಹತ್ತಿಬಿಡುತ್ತದೆ, ಕಾಲಿಗೆ ಪಾಠವೇ ಸಿಗೋದಿಲ್ಲ. ಕಲಿಯಲು 800 ಸಿಸಿಯ ಸಣ್ಣ ಪೆಟ್ರೋಲ್ ಇಂಜಿನ್ನೇ ಒಳ್ಳೆಯದು.

ಗ್ರೌಂಡ್‌ನಲ್ಲಿ ಕಲಿಯಬೇಕಾದದ್ದು ಅಂತ ಆಮೇಲೆ ಏನೂ ಉಳಿಯಲಿಲ್ಲ. ಟ್ರಾಫಿಕ್‌ನಲ್ಲಿ ಇಂಚಿಂಚು ಹೋಗೋದು, ಪಾರ್ಕಿಂಗ್, ಎಲ್ಲ ತಾನಾಗಿ ಬಂತು.

ಚಾರ್ಮಾಡಿಯಲ್ಲಿ ಒಂದು ಹೇರ್‌ಪಿನ್ ತಿರುವಿನಲ್ಲಿ ಎದುರಿಂದ ಬಸ್ ಬಂತು. ಅದಕ್ಕೆ ಜಾಗ ಬಿಡಲು ನಿಲ್ಲಲೇಬೇಕಾಯಿತು. ಗಾಡಿಯಲ್ಲಿ ನಾಲ್ಕು ಜನ, ಹಿಂದೆ ಅಂಟಿಕೊಂಡೇ ಒಂದು ಜೀಪು. ಯಜಮಾನರು ಉಸಿರು ಬಿಗಿ ಹಿಡಿದು ಬಾಗಿಲ ಹಿಡಿ ಹಿಡಿದಿದ್ದರು. ಬಸ್ ದಾಟಿತು. ಹ್ಯಾಂಡ್ ಬ್ರೇಕ್ ಇಳಿಸಿದೆ, ಗಾಡಿ ಒಂದಿಂಚೂ ಹಿಂದೆ ಜಾರದೆ ಎದ್ದಿತು. ಇಳಿಯುವಾಗಲೂ ನಾನೇ ಓಡಿಸಿದೆ, ಹತ್ತಿದ ಗೇರಿನಲ್ಲೇ.

ಈಗ ಭಾವನ ಮಗಳು ಅದೇ ಕಾಂಕ್ರೀಟ್ ಏರಿನಲ್ಲಿ ಕಲಿಯುತ್ತಿದ್ದಾಳೆ. ಅವಳಿಗೆ ಮುಂದಿನ ವಾರದಿಂದ ರಿವರ್ಸ್‌ನಲ್ಲಿ ಹತ್ತಿಸೋದು. ರಿವರ್ಸ್‌ನಲ್ಲಿ ತೂಕ ಎಳೆಯುವ ಚಕ್ರದ ಕಡೆಗೇ ಬರುತ್ತದೆ, ಹಾಗಾಗಿ ಹಿಡಿತ ಜಾಸ್ತಿ ಸಿಗಬೇಕು ಅಂತ ನನ್ನ ಅಂದಾಜು. ಮುರಕಲ್ಲನ್ನು ಈ ಸಲ ಮುಂದಿನ ಚಕ್ರದ ಮುಂದೆ ಇಡಬೇಕು.