ರಿಜಿಸ್ಟರ್ ಹಿಂದಿನ 11 ಗೆರೆ

ಪೀಣ್ಯದಲ್ಲಿ ಒಂದು ಮೆಷಿನ್ ಶಾಪ್ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಕಂಪನಿಯವರು ನನ್ನನ್ನು 6 ತಿಂಗಳ ಲೀಡರ್‌ಶಿಪ್ ಕೋರ್ಸಿಗೆ ಹಾಕಿದರು. ಸಕಲೇಶಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ಎರಡು ಸಲ 3 ದಿನದ ಕ್ಯಾಂಪ್, 15 ದಿನಕ್ಕೊಮ್ಮೆ ಕೋಚ್ ಜೊತೆ ಒಂದು ಗಂಟೆ ಮಾತು, ಉಳಿದದ್ದು ಆನ್‌ಲೈನ್ ಪಾಠ. 22 ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಇನ್ನೇನು ಹೇಳಿಕೊಡ್ತಾರೆ ಅಂದುಕೊಂಡೇ ಬಸ್ ಹತ್ತಿದೆ.

ಆನ್‌ಲೈನ್ ಪಾಠದ ವಿಷಯ ಬೇಗ ಮುಗಿಸಿಬಿಡ್ತೀನಿ. ಊಟ ಮಾಡುತ್ತಾ ವಿಡಿಯೋಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದೆ, ಪ್ರಶ್ನೆಗಳಿಗೆ ಅಂದಾಜಿನ ಮೇಲೆ ಉತ್ತರ ಕೊಟ್ಟೆ, ಪಾಸೂ ಆದೆ. ತಲೆಯಲ್ಲಿ ಉಳಿದಿದ್ದು 'ಗ್ರೋ' (GROW) ಅನ್ನೋ ಕೋಚಿಂಗ್ ವಿಧಾನ ಒಂದೇ. ಗುರಿ ಏನು, ಈಗ ಎಲ್ಲಿದ್ದೀರಿ, ಯಾವ ಯಾವ ದಾರಿ ಇದೆ, ಅದರಲ್ಲಿ ಏನು ಮಾಡ್ತೀರಿ, ಈ ನಾಲ್ಕನ್ನೇ ಕೇಳುತ್ತಾ ಹೋಗೋದು. ಇದನ್ನು ಎಲ್ಲ ಕಡೆ ಹಬ್ಬಿಸಿದ ಜಾನ್ ವಿಟ್ಮೋರ್ ಮೊದಲು ಕಾರ್ ರೇಸರ್ ಆಗಿದ್ದರಂತೆ, ಬಹುಶಃ ಅದಕ್ಕೇ ನೆನಪಿದೆ.

ಕ್ಯಾಂಪಿನ ಮೊದಲ ಸಂಜೆಯೇ ಕೈಗೆ 360 ಡಿಗ್ರಿ ಫೀಡ್‌ಬ್ಯಾಕ್ ಕವರ್ ಕೊಟ್ಟರು. ಬಾಸ್, ಜೊತೆಯವರು, ಕೈಕೆಳಗಿನವರು ಎಲ್ಲ ಹೆಸರಿಲ್ಲದೆ ಬರೆದದ್ದು. ಮೂರು ಕಡೆ ಒಂದೇ ಮಾತು: 'ನಮ್ಮ ಮಾತು ಮುಗಿಸೋಕೆ ಬಿಡಲ್ಲ.' ಹೊರಗೆ ಮಳೆ, ಒಳಗೆ ನಾನು ಇದನ್ನ ಬರೆದವರು ಯಾರು ಅಂತ ಲೆಕ್ಕ ಹಾಕುತ್ತಾ ಕೂತೆ. ಸುಮ್ನೆ ಒಂದು ರಾತ್ರಿ ಹಾಳು.

ಕೋಚ್ ನನ್ನ ಜೊತೆ ವಾದ ಮಾಡಲಿಲ್ಲ. "ನೀವೇ ಎಣಿಸಿ ನೋಡಿ ಸರ್" ಅಂದರು ಅಷ್ಟೆ. ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ಪ್ರೊಡಕ್ಷನ್ ರಿಜಿಸ್ಟರಿನ ಹಿಂದಿನ ಹಾಳೆ ತೆಗೆದು, ಯಾರದ್ದಾದರೂ ಮಾತು ಕತ್ತರಿಸಿದಾಗೆಲ್ಲ ಒಂದೊಂದು ಗೆರೆ ಎಳೆದೆ. 20 ನಿಮಿಷಕ್ಕೆ 11 ಗೆರೆ! ಕ್ವಾಲಿಟಿಯವನೊಬ್ಬನ ಲೆಕ್ಕಕ್ಕೇ ನಾಲ್ಕು.

ಆಮೇಲೆ ಒಂದೇ ನಿಯಮ ಹಾಕಿಕೊಂಡೆ: ಎಲ್ಲರ ಮಾತೂ ಮುಗಿದ ಮೇಲೆ ನನ್ನ ಸರದಿ. ಕಷ್ಟ ಮಾರಾಯ್ರೆ! ನಾಲಿಗೆ ಕಡಿದುಕೊಂಡು ಕೂರಬೇಕು. ಜನ ಮೊದಲು ನನ್ನ ಮುಖ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು. ಮೂರನೇ ವಾರ, ಯಾವತ್ತೂ ಬಾಯಿ ಬಿಡದ, ಮೆಷಿನ್‌ಗಳನ್ನು ಕೆಲಸಕ್ಕೆ ಸಜ್ಜು ಮಾಡೋ ನಮ್ಮ ಹಿರಿಯ ಸೆಟ್ಟರ್ ಮೆಲ್ಲಗೆ, "ಸಾರ್, ಸೋಮವಾರದ ರಿಜೆಕ್ಷನ್ ಎಲ್ಲ ಮೊದಲ ಹತ್ತು ಹದಿನೈದು ಪೀಸಿಂದೇ" ಅಂದರು. ಭಾನುವಾರ ಇಡೀ ಮೆಷಿನ್ ತಣ್ಣಗಿರುತ್ತೆ. ಸ್ಪಿಂಡಲ್, ಅಂದ್ರೆ ಮೆಷಿನ್ನಿನ ತಿರುಗೋ ದಂಡ, ಬಿಸಿಯಾಗುತ್ತಾ ಹಿಗ್ಗಿದಾಗ ಪೀಸಿನಲ್ಲಿ ಕೊರೆಯೋ ತೂತಿನ (ಬೋರ್) ಅಳತೆ ಕೆಲವು ಮೈಕ್ರಾನ್ ಜಾರುತ್ತೆ, ನಮ್ಮ ಟಾಲರೆನ್ಸ್, ಅಂದ್ರೆ ಅಳತೆ ತಪ್ಪಬಹುದಾದ ಮಿತಿ, ಮೀರೋಕೆ ಅಷ್ಟೇ ಸಾಕು. ಕೆಲಸ ಶುರು ಮಾಡೋ ಮೊದಲು 20 ನಿಮಿಷ ಖಾಲಿ ಓಡಿಸಿದರೆ ಸರಿಹೋಗುತ್ತೆ. ಇದು ಅವರಿಗೆ ಮೊದಲಿಂದಲೂ ಗೊತ್ತು. ಹಾಗೆ ಓಡಿಸುತ್ತಲೂ ಇದ್ದರು. ಎರಡು ವರ್ಷದ ಹಿಂದೆ "ಕರೆಂಟ್ ಯಾಕ್ರೀ ಸುಡ್ತೀರಾ" ಅಂತ ಅದನ್ನ ನಿಲ್ಲಿಸಿದವನು ನಾನು, ಅವರು ಪೂರ್ತಿ ಹೇಳೋಕೂ ಬಿಡದೆ.

ಈಗ ವಾರ್ಮ್‌ಅಪ್ ಶಿಫ್ಟ್ ಬೋರ್ಡಿನ ಮೇಲೇ ಬರೆದಿದೆ. ಎರಡನೇ ಕ್ಯಾಂಪಿನಲ್ಲಿ ಈ ಕತೆ ಹೇಳಿದಾಗ ಜೋರು ಚಪ್ಪಾಳೆ. ನಿಲ್ಲಿಸಿದ್ದು ನಾನೇ ಅನ್ನೋ ಭಾಗ ಮಾತ್ರ ಅಲ್ಲಿ ನುಂಗಿಕೊಂಡೆ. ಅದನ್ನ ಕೋಚ್ ಹತ್ತಿರ ಹೇಳಿದ್ದು ಕೊನೆಯ ಸೆಷನ್ನಿನ ಕೊನೆ ಐದು ನಿಮಿಷದಲ್ಲಿ.