ಬೀಫ್ ಮತ್ತು ಬರ್ಗರ್ ಹೋಲಿಸಲು ಗ್ರಾಂ ಲೆಕ್ಕ ಬೇಡ
ಮನೆಯಲ್ಲಿ ಮಾಡಿದ ಬೀಫನ್ನು ಫಾಸ್ಟ್ ಫುಡ್ ಬರ್ಗರ್ ಜೊತೆ ಹೋಲಿಸುವಾಗ 100 ಗ್ರಾಮಿಗೆ ಎಷ್ಟು ಅಂತ ನೋಡಬೇಡಿ, 100 ಕ್ಯಾಲೊರಿಗೆ ಎಷ್ಟು ಪ್ರೋಟೀನ್ ಅಂತ ನೋಡಿ. ಪ್ರೋಟೀನ್ ಗ್ರಾಮನ್ನು ಒಟ್ಟು ಕ್ಯಾಲೊರಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಆಯಿತು. ಪ್ಯಾಕೆಟ್ ಮೇಲಿರುವುದು ಸಾಮಾನ್ಯವಾಗಿ ಹಸಿ ಮಾಂಸದ ಲೆಕ್ಕ, ಬೆಂದ ಮೇಲೆ ನೀರು ಹೋಗಿ ತೂಕ ಹೆಚ್ಚುಕಮ್ಮಿ ಕಾಲು ಭಾಗ ಇಳಿಯುತ್ತದೆ, ಬರ್ಗರಿನದೋ ಬನ್ನು, ಸಾಸು, ಚೀಸು ಎಲ್ಲಾ ಸೇರಿದ ತೂಕ, ಹಾಗಾಗಿ ಗ್ರಾಂ ಲೆಕ್ಕ ಸುಮ್ನೆ ದಾರಿ ತಪ್ಪಿಸುತ್ತದೆ. ನೀರಿಗೆ ಕ್ಯಾಲೊರಿ ಇಲ್ಲ ಅಲ್ವಾ, ಹಾಗಾಗಿ ನೀರು ಹೋದರೂ ಕ್ಯಾಲೊರಿ ಲೆಕ್ಕ ಬದಲಾಗುವುದಿಲ್ಲ. 5% ಕೊಬ್ಬಿನ ಖೀಮಾದಲ್ಲಿ 100 ಕ್ಯಾಲೊರಿಗೆ ಸುಮಾರು 15 ಗ್ರಾಂ ಪ್ರೋಟೀನ್ ಸಿಗುತ್ತದೆ, 20% ಕೊಬ್ಬಿನದರಲ್ಲಿ 7ರ ಆಸುಪಾಸು, ಸಾಧಾರಣ ಚೀಸ್‌ಬರ್ಗರಿನಲ್ಲಿ 5. ಅಂದರೆ ಕೊಬ್ಬು ಜಾಸ್ತಿ ಇರುವ ಖೀಮಾ ತಂದರೆ ಮನೆ ಅಡುಗೆಯೂ ಬರ್ಗರಿಗಿಂತ ಅಂಥಾ ಮುಂದೇನಿಲ್ಲ. ಬಾಣಲೆಗೆ ಸುರಿದ ಎಣ್ಣೆ ಮರೆತರೆ ಈ ಲೆಕ್ಕ ಕೆಡುತ್ತದೆ, ಒಂದು ದೊಡ್ಡ ಚಮಚಕ್ಕೇ 120 ಕ್ಯಾಲೊರಿ. ಕರಗಿದ ಕೊಬ್ಬನ್ನು ಬಸಿದು ಚೆಲ್ಲಿದರೆ ಉಲ್ಟಾ, ನಿಜವಾದ ಕ್ಯಾಲೊರಿ ಕಮ್ಮಿ ಇರುತ್ತದೆ. ಉಪ್ಪಿನ ವಿಷಯ ಇದರಲ್ಲಿ ಕಾಣುವುದೇ ಇಲ್ಲ, ಉಪ್ಪಿನಲ್ಲಿರುವ ಸೋಡಿಯಂ ಬೇರೆಯಾಗಿ ನೋಡಿಕೊಳ್ಳಿ, ದಿನಕ್ಕೆ 2000 ಮಿಲಿಗ್ರಾಂ ಒಳಗಿರಬೇಕು.