ನಮ್ಮ ಮೈದಾ, ಓಟಿಜಿ ಮತ್ತು ಮೊಳಕೆ ರಾಗಿ: ಮನೆಯಲ್ಲಿ ಫ್ರೆಂಚ್ ಬ್ರೆಡ್ ಮಾಡಿದ ನನ್ನ ಅನುಭವ

ಇಲ್ಲಿನ ಮೈದಾದಲ್ಲಿ ಬ್ಯಾಗೆಟ್ ಎಂಬ ಉದ್ದನೆಯ ಫ್ರೆಂಚ್ ಬ್ರೆಡ್ ಆಗುವುದಿಲ್ಲವೆಂದು ಮೈಸೂರಿನಲ್ಲಿ ಬೇಕರಿ ಕೆಲಸ ಬಲ್ಲವರು ನನಗೆ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ. ಹಿಟ್ಟಿನಲ್ಲಿ ಕಸುವಿಲ್ಲ, ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ಕರೆಂಟ್ ಒಲೆ) ಕಾವು ನಿಲ್ಲುವುದಿಲ್ಲ, ಸಕ್ಕರೆ, ಎಣ್ಣೆ, ಇಂಪ್ರೂವರ್ (ಬ್ರೆಡ್ಡನ್ನು ಸುಧಾರಿಸಲು ಬೆರೆಸುವ ಪುಡಿ) ಹಾಕದ ಬ್ರೆಡ್ಡಿಗೆ ಬಣ್ಣ ಏರುವುದಿಲ್ಲ ಎಂಬುದು ಅವರ ಮೂರು ಆಕ್ಷೇಪಗಳು. ಇವುಗಳಲ್ಲಿ ಮೊದಲನೆಯದು ಸುಳ್ಳು, ಎರಡನೆಯದು ಅರ್ಧ ನಿಜ, ಮೂರನೆಯದಕ್ಕೆ ಉತ್ತರ ನಮ್ಮ ರಾಗಿಯಲ್ಲೇ ಇದೆ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ನಮ್ಮ ಮನೆಯ ಅಡುಗೆಮನೆಯಲ್ಲಿ ವಾರಕ್ಕೆ ಎರಡು ಸಲ ಬೇಯುತ್ತಿರುವ ಬ್ರೆಡ್ಡಿಗೆ ಕಡುಗಂದು ಬಣ್ಣದ ಗರಿಗರಿ ಹೊರಪದರವಿದೆ, ಒಳಗೆ ಸಣ್ಣ ದೊಡ್ಡ ಕಣ್ಣುಗಳಿವೆ, ಬ್ಲೇಡಿನಿಂದ ಗೀರಿದ ಜಾಗದಲ್ಲಿ ಅಂಚು ಕಿವಿಯಂತೆ ಎದ್ದು ನಿಲ್ಲುತ್ತದೆ.

ಮೊದಲು ಹಣ ಹೋದದ್ದು ಹಿಟ್ಟಿಗೆ. ಫ್ರಾನ್ಸಿನಿಂದ ಬಂದ ಟಿ65 ಹಿಟ್ಟನ್ನು ಕಿಲೋಗೆ ಮುನ್ನೂರೈವತ್ತರ ಆಸುಪಾಸು ಕೊಟ್ಟು ತರಿಸಿದೆ. ಬಣ್ಣ ಸ್ವಲ್ಪ ಸುಧಾರಿಸಿತೇ ಹೊರತು ಉಬ್ಬಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಗೋಧಿಯ ಅಂಟಾದ ಗ್ಲುಟೆನ್ ಪುಡಿ ತಂದು, ನಮ್ಮ ಮೈದಾಕ್ಕೆ ನೂರಕ್ಕೆ ಎರಡರಷ್ಟು ಬೆರೆಸಿ ನೋಡಿದೆ. ಬ್ರೆಡ್ಡು ಎತ್ತರಕ್ಕೆ ಬಂತು, ಆದರೆ ಅಗಿಯುವಾಗ ರಬ್ಬರಿನಂತೆ ಎಳೆಯುತ್ತಿತ್ತು, ಮರುದಿನಕ್ಕಂತೂ ಹಲ್ಲಿಗೆ ಕೆಲಸವೇ ಆಯಿತು. ಆಗ ಹಿಟ್ಟನ್ನೇ ಪರೀಕ್ಷಿಸೋಣವೆಂದು ನೂರು ಗ್ರಾಂ ಮೈದಾ ಕಲಸಿ, ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಪಿಷ್ಟವೆಲ್ಲ ಹೋಗುವವರೆಗೆ ನಲ್ಲಿಯಡಿ ತೊಳೆದು, ಉಳಿದ ಅಂಟನ್ನು ತೂಗಿದೆ. ಕಿರಾಣಿ ಅಂಗಡಿಯ ಪೊಟ್ಟಣದ ಮೈದಾ 24 ಗ್ರಾಂ ಕೊಟ್ಟರೆ, ಬೇಕರಿಗಳಿಗೆ ಸರಬರಾಜಾಗುವ ಮೂಟೆಯ ಮೈದಾ 29 ಗ್ರಾಂ ಕೊಟ್ಟಿತು. ಫ್ರೆಂಚ್ ಹಿಟ್ಟು ಅದಕ್ಕಿಂತ ಒಂದು ಗ್ರಾಂ ಕೂಡ ಹೆಚ್ಚಿರಲಿಲ್ಲ. ಟಿ65 ಎಂಬುದರಲ್ಲಿ 65 ಸೂಚಿಸುವುದು ಹಿಟ್ಟನ್ನು ಸುಟ್ಟಾಗ ಉಳಿಯುವ ಬೂದಿಯ ಅಂಶವನ್ನು, ಕಸುವನ್ನಲ್ಲ. ಅದರ ಪ್ರೋಟೀನ್ ನೂರಕ್ಕೆ ಹತ್ತೂವರೆ ಹನ್ನೊಂದರ ಹತ್ತಿರವೇ ಇರುತ್ತದೆ, ಒಳ್ಳೆಯ ಮೂಟೆ ಮೈದಾದಲ್ಲೂ ಅಷ್ಟೇ ಇದೆ. ಅಂದಿನಿಂದ 28 ಗ್ರಾಂಗಿಂತ ಕಡಿಮೆ ಅಂಟು ಬಿಡುವ ಮೂಟೆಯನ್ನು ನಾನು ಮನೆಗೆ ತರುವುದಿಲ್ಲ. ಬೇಕರಿ ಸಾಮಾನು ಮಾರುವವರಲ್ಲಿ ಅರ್ಧ ಕಿಲೋ ಮಾದರಿ ಕೇಳಿದರೆ ಕೊಡುತ್ತಾರೆ.

ಹಾಗಾದರೆ ನಮ್ಮ ಹಿಟ್ಟಿನಲ್ಲಿ ಕೊರತೆಯಿರುವುದು ಯಾವುದರದ್ದು? ನಮ್ಮ ದೇಶದ ಗೋಧಿ ಮಾರ್ಚ್, ಏಪ್ರಿಲ್ ತಿಂಗಳ ಒಣ ಬಿಸಿಲಿನಲ್ಲಿ ಕಟಾವಾಗುತ್ತದೆ. ತೆನೆಯಲ್ಲಿದ್ದಾಗ ಕಾಳಿಗೆ ತೇವ ತಾಗುವುದೇ ಅಪರೂಪವಾದ್ದರಿಂದ ಅದರಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಬಹಳ ಕಡಿಮೆ. ಪಿಷ್ಟ ಒಡೆದು ಸಕ್ಕರೆಯಾಗುವುದು ನಿಧಾನ, ಆದ ಅಷ್ಟಿಷ್ಟನ್ನು ಫ್ರಿಜ್‌ನಲ್ಲಿ ರಾತ್ರಿಯಿಡೀ ಕೂತ ಯೀಸ್ಟ್ ತಿಂದು ಮುಗಿಸುತ್ತದೆ, ಒಲೆಗೆ ಹೋಗುವ ಹೊತ್ತಿಗೆ ಬಣ್ಣ ಏರಿಸಲು ಏನೂ ಉಳಿದಿರುವುದಿಲ್ಲ. ನನ್ನ ಬ್ರೆಡ್ಡು ಅರ್ಧ ಗಂಟೆ ಬೆಂದರೂ ಬಿಳಿಚಿಕೊಂಡೇ ಇರುತ್ತಿದ್ದುದಕ್ಕೆ ಇದೇ ಕಾರಣ. ಫ್ರಾನ್ಸಿನವರೂ ಈ ವಿಷಯದಲ್ಲಿ ಹಿಟ್ಟನ್ನು ಅದರ ಪಾಡಿಗೆ ಬಿಡುವುದಿಲ್ಲ. ಸಾಂಪ್ರದಾಯಿಕ ಬ್ಯಾಗೆಟ್‌ಗೆ ಯಾವ ಇಂಪ್ರೂವರನ್ನೂ ಹಾಕಬಾರದೆಂದು ವಿಧಿಸಿದ 1993ರ ಸರ್ಕಾರಿ ಆಜ್ಞೆಯೇ ನೂರಕ್ಕೆ 0.3ರಷ್ಟು ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಗೋಧಿ) ಹಿಟ್ಟಿಗೆ ಅವಕಾಶ ಕೊಟ್ಟಿದೆ. ಇಲ್ಲಿ ಅಂಥ ಗೋಧಿ ಮಾಲ್ಟ್ ಬಿಡಿಯಾಗಿ ಸಿಗುವುದು ಕಷ್ಟ, ಸಿಕ್ಕರೆ ಬೆಲೆ ವಿಪರೀತ.

ನಮಗೆ ಮೊಳಕೆ ರಾಗಿ ಇದೆ. ರಾಗಿಯ ಮೊಳಕೆಯಲ್ಲಿ ಅಮೈಲೇಸ್ ಧಾರಾಳವಾಗಿರುವುದು ಹೊಸ ಸಂಗತಿಯೇನಲ್ಲ. ನಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರಾಗಿ ಮಾಲ್ಟ್ ಮೇಲೆ ದಶಕಗಳ ಕಾಲ ಕೆಲಸ ಮಾಡಿದೆ, ಮಗುವಿನ ಗಂಜಿ ಗಟ್ಟಿಯಾಗದಂತೆ ಮೊಳಕೆ ರಾಗಿ ಬಳಸುವುದು ಹಳೆಯ ತಲೆಮಾರಿಗೆ ಮೊದಲೇ ಗೊತ್ತು. ಅಂಗಡಿಯಲ್ಲಿ ಡಬ್ಬಿಯಲ್ಲಿ ಬರುವ ರಾಗಿ ಮಾಲ್ಟ್ ಮಾತ್ರ ಈ ಕೆಲಸಕ್ಕೆ ಬಾರದು. ಅದನ್ನು ಘಮ ಬರುವಂತೆ ಹುರಿದಿರುತ್ತಾರೆ, ಹುರಿದಾಗ ಕಿಣ್ವ ಸತ್ತುಹೋಗುತ್ತದೆ, ಮೇಲಾಗಿ ಸಕ್ಕರೆ, ಏಲಕ್ಕಿ ಬೇರೆ. ನಾನು ಅರ್ಧ ಕಿಲೋ ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ತೊಳೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡುತ್ತೇನೆ. ಗಂಟು ಬಿಗಿಯಾದರೆ ಒಳಗೆ ಬಿಸಿಯಾಗಿ ಹುಳಿ ವಾಸನೆ ಹಿಡಿಯುತ್ತದೆ. ಎರಡು ದಿನ ಕಳೆದು, ಬಿಳಿಯ ಬೇರು ಕಾಳಿನ ಎರಡರಷ್ಟು ಉದ್ದವಾದಾಗ ಬಿಸಿಲಿಗೆ ಹರಡುತ್ತೇನೆ. ಚೆನ್ನಾಗಿ ಒಣಗಿದ ಮೇಲೆ ಅಂಗೈಗಳ ನಡುವೆ ಉಜ್ಜಿ, ಉದುರಿದ ಬೇರನ್ನೆಲ್ಲ ಮೊರದಲ್ಲಿ ಕೇರಿ ತೆಗೆಯಬೇಕು, ಬೇರು ಉಳಿದರೆ ಕಹಿ. ಆಮೇಲೆ ಮಿಕ್ಸಿ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ಪುಡಿಮಾಡಿ, ತೆಳುಬಟ್ಟೆಯಲ್ಲಿ ಸೋಸಿದರೆ ಸುಮಾರು ಮುನ್ನೂರು ಗ್ರಾಂ ನುಣ್ಣನೆಯ ಹಿಟ್ಟು ಸಿಗುತ್ತದೆ. ಇದರ ಒಟ್ಟು ಖರ್ಚು ನಲವತ್ತು ರೂಪಾಯಿಯೊಳಗೆ.

ಪ್ರಮಾಣದ ವಿಷಯದಲ್ಲಿ ಎಚ್ಚರ ಬೇಕು. ಉತ್ಸಾಹದಲ್ಲಿ ನೂರಕ್ಕೆ ಎರಡರಷ್ಟು ಹಾಕಿದ ದಿನ ಬ್ರೆಡ್ಡಿನ ಹೊರಮೈ ತಾಮ್ರದ ಬಣ್ಣಕ್ಕೆ ತಿರುಗಿ ಬಹಳ ಚೆನ್ನಾಗಿ ಕಂಡಿತು, ಕೊಯ್ದರೆ ತಿರುಳು ಚಾಕುವಿಗೆ ಮೆತ್ತಿಕೊಂಡಿತು. ನೂರಕ್ಕೆ ಒಂದರಷ್ಟಾದರೂ ಹೆಚ್ಚೇ. ನನಗೆ ಒಗ್ಗಿದ ಪ್ರಮಾಣ ನೂರಕ್ಕೆ ಅರ್ಧಕ್ಕಿಂತಲೂ ಕೆಳಗಿದೆ ಎಂದಷ್ಟೇ ಹೇಳುತ್ತೇನೆ. ಅದನ್ನು ಹಿಟ್ಟಿಗೆ ಸೇರಿಸುವ ಹಂತ ಮತ್ತು ಸರಿಯಾದ ತೂಕ, ಇವೆರಡನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಪ್ರತಿಯೊಬ್ಬರ ರಾಗಿಯ ಮೊಳಕೆಯೂ ಬೇರೆಯಾದ್ದರಿಂದ ನನ್ನ ಅಂಕಿ ನಿಮಗೆ ಹೊಂದಲಿಕ್ಕೂ ಇಲ್ಲ.

ಇನ್ನು ಓಟಿಜಿ. ನನ್ನದು ನಲವತ್ತು ಲೀಟರಿನದು, ಒಂಬತ್ತು ಸಾವಿರದ ಆಸುಪಾಸು ಬಿದ್ದಿತ್ತು. ಗುಂಡಿ 250 ತೋರಿಸಿದರೂ ಒಳಗಿಟ್ಟ ಥರ್ಮಾಮೀಟರ್ 210 ದಾಟುತ್ತಿರಲಿಲ್ಲ, ಬಾಗಿಲು ತೆಗೆದು ಬ್ರೆಡ್ಡು ಇಡುವಷ್ಟರಲ್ಲಿ 160ಕ್ಕೆ ಇಳಿಯುತ್ತಿತ್ತು. ಕಾವನ್ನು ಹಿಡಿದಿಡುವ ಭಾರ ಒಳಗೆ ಬೇಕೆಂದು ಕಲ್ಲು ಕೊಯ್ಯುವವರಿಂದ ಕಡಪ ಕಲ್ಲಿನ ತುಂಡನ್ನು ನೂರೈವತ್ತು ರೂಪಾಯಿಗೆ ತಂದೆ. ಕೆಲವು ವಾರ ಚೆನ್ನಾಗಿ ನಡೆಯಿತು, ಒಂದು ದಿನ ಕಾಯುತ್ತಿದ್ದಾಗಲೇ ಪಟ್ಟೆಂದು ಸದ್ದು ಮಾಡಿ ಎರಡು ಹೋಳಾಯಿತು. ನಂತರ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಎಂಟು ಮಿಲಿಮೀಟರ್ ದಪ್ಪದ ಕಬ್ಬಿಣದ ಹಾಳೆ ಕತ್ತರಿಸಿಕೊಂಡು ಬಂದೆ, ಏಳುನೂರು ರೂಪಾಯಿ. ಕಾವು ಭರ್ಜರಿಯಾಗಿ ನಿಂತಿತು, ಆದರೆ ಕೆಳಗಿನ ರಾಡ್ ಹತ್ತಿರವಿದ್ದುದರಿಂದ ಮೇಲ್ಭಾಗ ಬೇಯುವ ಮೊದಲೇ ತಳ ಕರಕಾಯಿತು. ಅದು ಗುಜರಿಗೆ ಹೋಯಿತು. ಕೊನೆಗೆ ಕೈಹಿಡಿದದ್ದು ಹಳೆಯ ಮನೆ ಕೆಡವಿದ ಜಾಗದಲ್ಲಿ ಸಿಕ್ಕ, ಮೆರುಗು ಬಳಿಯದ ಮಂಗಳೂರಿನ ಚಪ್ಪಟೆ ಮಣ್ಣಿನ ಹೆಂಚು. ಇಪ್ಪತ್ತು ರೂಪಾಯಿಗೆ ಒಂದರಂತೆ ನಾಲ್ಕು ತಂದು, ಉಜ್ಜಿ ತೊಳೆದು, ಬಿಸಿಲಲ್ಲಿ ಒಂದು ವಾರ ಒಣಗಿಸಿ, ಮೊದಲ ಸಲ ಬಹಳ ನಿಧಾನವಾಗಿ ಕಾಯಿಸಿದೆ. ಮುಕ್ಕಾಲು ಗಂಟೆ ಕಾಯಿಸಿದರೆ ಹೆಂಚಿನ ಮೈ 230ಕ್ಕೆ ಬರುತ್ತದೆ, ತಳಕ್ಕೆ ಸಮನಾದ ಕಂದು ಬಣ್ಣ ಕೊಡುತ್ತದೆ.

ಹಬೆಗಾಗಿ ಪಟ್ಟ ಪಾಡು ಇದಕ್ಕಿಂತ ದೊಡ್ಡದು. ಸತು ಲೇಪಿಸದ ಕಬ್ಬಿಣದ ನಟ್ಟುಗಳನ್ನು ಎರಡು ಕಿಲೋದಷ್ಟು ತಂದು, ಎಣ್ಣೆ ಹೋಗುವಂತೆ ಸುಟ್ಟು, ಬಾಣಲೆಯಲ್ಲಿ ತುಂಬಿ ಒಲೆಯ ತಳದಲ್ಲಿಟ್ಟು, ಕುದಿನೀರು ಹೊಯ್ಯುವ ವಿಧಾನವನ್ನು ಬಹಳ ಕಾಲ ಅನುಸರಿಸಿದೆ. ಹಬೆ ಬುಸ್ಸೆಂದು ಎದ್ದರೂ ಬಾಗಿಲಿನ ಸಂದುಗಳಿಂದ ಎರಡೇ ನಿಮಿಷದಲ್ಲಿ ಸೋರಿಹೋಗುತ್ತಿತ್ತು. ಒಂದು ದಿನ ನಾಲ್ಕು ಹನಿ ನೀರು ಬಾಗಿಲಿನ ಗಾಜಿಗೆ ಸಿಡಿದು ಗಾಜು ಅಡ್ಡಡ್ಡ ಸೀಳಿತು. ಬದಲಿಸಲು ಸಾವಿರದ ಎಂಟುನೂರು ಕೊಡಬೇಕಾಯಿತು, ವಾರಂಟಿ ಅನ್ವಯಿಸುವುದಿಲ್ಲವೆಂದು ರಿಪೇರಿಯವರು ಕೈತೊಳೆದುಕೊಂಡರು. ಆ ಬಳಿಕ ನೀರು ಹೊಯ್ಯುವುದನ್ನೇ ಬಿಟ್ಟು, ಹೆಂಚಿನ ಮೇಲೆ ಬ್ರೆಡ್ಡಿಟ್ಟ ಕೂಡಲೇ ಅದರ ಮೇಲೆ ಆಳವಾದ ಅಲ್ಯೂಮಿನಿಯಂ ಟ್ರೇಯನ್ನು ಬೋರಲು ಹಾಕಲು ಆರಂಭಿಸಿದೆ. ಟ್ರೇಯ ಒಳಮೈಗೆ ಮೊದಲೇ ನೀರು ಚಿಮುಕಿಸಿರುತ್ತೇನೆ, ಉಳಿದ ಹಬೆಯನ್ನು ಬ್ರೆಡ್ಡೇ ಕೊಡುತ್ತದೆ. ಮೇಲಿನ ರಾಡಿನ ನೇರ ಉರಿಯೂ ಇದರಿಂದ ತಪ್ಪಿತು. ಹನ್ನೆರಡು ನಿಮಿಷಕ್ಕೆ ಟ್ರೇ ತೆಗೆದರೆ ಕಿವಿ ಎದ್ದು, ಮೈ ಮಿರುಗುತ್ತಾ, ಇನ್ನೂ ಬಣ್ಣವೇರದ ಬ್ರೆಡ್ಡು ಕಾಣುತ್ತದೆ. ಅಲ್ಲಿಂದ ಮುಂದೆ ಹದಿಮೂರು ಹದಿನಾಲ್ಕು ನಿಮಿಷದಲ್ಲಿ ರಾಗಿಯ ಕೆಲಸ ಕಣ್ಣೆದುರೇ ನಡೆಯುತ್ತದೆ. ಕೊನೆಯ ಎರಡು ನಿಮಿಷ ಬಾಗಿಲನ್ನು ಬೆರಳಷ್ಟು ತೆರೆದಿಟ್ಟರೆ ಗರಿ ನಿಲ್ಲುತ್ತದೆ.

ಹಿಟ್ಟಿನ ಲೆಕ್ಕ ಹೀಗಿದೆ. ರಾತ್ರಿ 150 ಗ್ರಾಂ ಮೈದಾ, ಅಷ್ಟೇ ತಣ್ಣೀರು, ಚಿಟಿಕೆ ಯೀಸ್ಟ್ ಸೇರಿಸಿ ಪೂಲಿಶ್, ಅಂದರೆ ಮೊದಲೇ ಹುದುಗು ಬರಿಸುವ ತೆಳು ಹಿಟ್ಟು, ಕಲಸಿಡುತ್ತೇನೆ. ಬೇಸಿಗೆಯಲ್ಲಿ ಅದು ಐದಾರು ಗಂಟೆಗೇ ಹದಕ್ಕೆ ಬಂದು ನಡುವೆ ಕುಸಿಯತೊಡಗುತ್ತದೆ, ಆದ್ದರಿಂದ ಆ ತಿಂಗಳುಗಳಲ್ಲಿ ಮಲಗುವ ಮುನ್ನ ಕಲಸಿ ನಸುಕಿಗೇ ಏಳುವುದು ಅನಿವಾರ್ಯ. ಬೆಳಿಗ್ಗೆ 350 ಗ್ರಾಂ ಮೈದಾ, 180 ಗ್ರಾಂ ನೀರು, ಪೂಲಿಶ್ ಇಷ್ಟನ್ನೂ ಒಟ್ಟಿಗೆ ತಂದು, ಫ್ರೆಂಚ್ ಬ್ರೆಡ್ ತಜ್ಞ ರೇಮಂಡ್ ಕಾಲ್ವೆಲ್ 1974ರಲ್ಲಿ ಪರಿಚಯಿಸಿದ ಆಟೊಲಿಸ್ (ಹಿಟ್ಟು, ನೀರು ಮಾತ್ರ ಬೆರೆಸಿ ಬಿಡುವುದು) ಕ್ರಮದಂತೆ ಉಪ್ಪು ಹಾಕದೆ ಅರ್ಧ ಗಂಟೆ ಬಿಡುತ್ತೇನೆ. ಪೂಲಿಶ್‌ನಲ್ಲಿ ಯೀಸ್ಟ್ ಇರುವುದರಿಂದ ಅದು ಕಟ್ಟುನಿಟ್ಟಿನ ಆಟೊಲಿಸ್ ಅಲ್ಲ ಎನ್ನುವವರಿದ್ದಾರೆ, ಫಲಿತಾಂಶಕ್ಕೆ ಅದರಿಂದ ಏನೂ ಕುಂದಾಗಿಲ್ಲ. ಆಮೇಲೆ ಒಂದೂವರೆ ಗ್ರಾಂ ಯೀಸ್ಟ್, ಒಂಬತ್ತು ಗ್ರಾಂ ಉಪ್ಪು. ಪ್ಯಾರಿಸ್ ನಗರದ ಬ್ಯಾಗೆಟ್ ಸ್ಪರ್ಧೆಯಲ್ಲಿ ಕಿಲೋ ಹಿಟ್ಟಿಗೆ ಹದಿನೆಂಟು ಗ್ರಾಂ ಉಪ್ಪಿನ ನಿಯಮವಿದೆ, ನಮ್ಮ ಮನೆಯವರಿಗೂ ಅದೇ ಹಿಡಿಸಿತು. ಒಟ್ಟು ನೀರು ಮೈದಾದ ತೂಕದಲ್ಲಿ ನೂರಕ್ಕೆ 66 ಆಯಿತು. ಎಪ್ಪತ್ತೆರಡರವರೆಗೂ ಹೋಗಿ ಬಂದಿದ್ದೇನೆ, ಈ ಮೈದಾ ಅಷ್ಟು ನೀರನ್ನು ತಾಳುವುದಿಲ್ಲ, ಹರಡಿಕೊಳ್ಳುತ್ತದೆ.

ಹಿಟ್ಟಿನ ಉಷ್ಣಾಂಶ ಕಲಸಿ ಮುಗಿದಾಗ 24 ಡಿಗ್ರಿ ಇರಬೇಕು ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ನಿಯಮ. ಕೋಣೆ, ಒಣ ಹಿಟ್ಟು, ನೀರು ಮೂರರ ಉಷ್ಣಾಂಶ ಸೇರಿ 66 ಆಗುವಂತೆ ನೀರನ್ನು ಹೊಂದಿಸುತ್ತೇನೆ. ಏಪ್ರಿಲ್‌ನಲ್ಲಿ ಕೋಣೆಯೂ ಹಿಟ್ಟೂ 32 ಇರುವಾಗ ನೀರು ಎರಡೇ ಡಿಗ್ರಿ, ಅಂದರೆ ಐಸ್ ತೇಲುತ್ತಿರುವ ನೀರು. ಡಿಸೆಂಬರಿನ ಬೆಳಿಗ್ಗೆ ನಲ್ಲಿಯ ನೀರನ್ನು ತುಸು ಬಿಸಿ ಮಾಡಬೇಕಾಗುತ್ತದೆ. ಇಷ್ಟನ್ನು ಪಾಲಿಸಲು ಆರಂಭಿಸಿದ ಮೇಲೆ ಹಿಟ್ಟು ಹುಳಿಯೇರಿ ಸೋಲುವುದು ನಿಂತೇಹೋಯಿತು. ಮೂರು ಸಲ ಮಡಚಿ, ಹದಿನಾರು ಗಂಟೆ ಫ್ರಿಜ್‌ನಲ್ಲಿಟ್ಟು, ನಾಲ್ಕು ಭಾಗ ಮಾಡಿ, ಓಟಿಜಿಗೆ ಹಿಡಿಸುವ ಸುಮಾರು 34 ಸೆಂಟಿಮೀಟರ್ ಉದ್ದಕ್ಕೆ ಹೊಸೆಯುತ್ತೇನೆ. ಲಿನನ್ ಬಟ್ಟೆಯ ಬದಲು ಹಳೆಯ ಹತ್ತಿ ಪಂಚೆಗೆ ಅಕ್ಕಿ ಹಿಟ್ಟು ತಿಕ್ಕಿ, ನಡುನಡುವೆ ನೆರಿಗೆ ಎತ್ತಿ ಮಲಗಿಸುತ್ತೇನೆ. ಅಕ್ಕಿ ಹಿಟ್ಟು ತೇವ ಹೀರಿ ಅಂಟಾಗದು, ಮೈದಾ ಉದುರಿಸಿದರೆ ಬಟ್ಟೆ ಬಿಡಿಸುವಷ್ಟರಲ್ಲಿ ಬ್ರೆಡ್ಡಿನ ಹೊಟ್ಟೆ ಹರಿದಿರುತ್ತದೆ. ಗೀರುವಾಗ ಬ್ಲೇಡ್ ಎಳೆಯದಂತೆ ಮಾಡುವ ಇನ್ನೊಂದು ಉಪಾಯವನ್ನೂ ಕಂಡುಕೊಂಡಿದ್ದೇನೆ, ಮನೆಗೆ ಬಂದು ಕಲಿಯುವವರಿಗೆ ಅದನ್ನು ತೋರಿಸುತ್ತೇನೆ.

ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ದಾಖಲಿಸಬೇಕು. ಮಂಗಳೂರಿನ ಕಡೆ ‘ಸಣ್ಣ’ ಎಂಬ ಇಡ್ಲಿಯಂಥ ತಿಂಡಿಗೆ ಹುದುಗು ಬರಿಸಲು ಬಳಸುವ ಸೇಂದಿಯನ್ನು ತರಿಸಿ, ಯೀಸ್ಟ್ ಬದಲು ಹಾಕಿ ನೋಡಿದೆ. ಪರಿಮಳ ಸೊಗಸಾಗಿತ್ತು, ಆದರೆ ಪ್ರತಿ ಸಲವೂ ಬೇರೆ ವೇಗ, ನಂಬಿ ಕೂರುವಂತಿಲ್ಲ. ಉದ್ದಿನ ಇಡ್ಲಿ ಹಿಟ್ಟನ್ನು ಬೆರೆಸಿದಾಗ ಉಬ್ಬು ಬಂದರೂ ಗ್ಲುಟೆನ್ ಸಡಿಲಾಗಿ ಆಕಾರ ನಿಲ್ಲಲಿಲ್ಲ. ಫ್ರೆಂಚ್ ಆಜ್ಞೆಯಲ್ಲಿ ಒಂದು ಬಗೆಯ ಅವರೆಯ ಹಿಟ್ಟಿಗೆ ನೂರಕ್ಕೆ ಎರಡರವರೆಗೆ ಅವಕಾಶವಿರುವುದರಿಂದ ನಮ್ಮ ಒಣ ಅವರೆಯನ್ನು ಬೀಸಿ ಒಂದರಷ್ಟು ಹಾಕಿದೆ, ಹಸಿ ವಾಸನೆ ಹೋಗಲೇ ಇಲ್ಲ. ಬೋರ್‌ವೆಲ್ ನೀರಿನಲ್ಲಿ ಹಿಟ್ಟು ಬಿಗಿಯಾಗುತ್ತದೆ, ಆರ್‌ಒ ನೀರಿನಲ್ಲಿ ಜೋಲುತ್ತದೆ, ಕಾವೇರಿ ನೀರು ಎರಡರ ನಡುವೆ ಸರಿಹೋಯಿತು.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಅರ್ಧ ಕಿಲೋ ಮೈದಾ ಇಪ್ಪತ್ತೈದು ರೂಪಾಯಿ, ಯೀಸ್ಟ್ ಉಪ್ಪು ಸೇರಿ ಎರಡು, ಎರಡು ಕಂತಿನಲ್ಲಿ ಬೇಯಿಸಲು ಎರಡೂವರೆ ಯೂನಿಟ್ ಕರೆಂಟಿಗೆ ಹದಿನೇಳು. ನಾಲ್ಕು ಬ್ರೆಡ್ಡಿಗೆ ನಲವತ್ತೈದರೊಳಗೆ ಮುಗಿಯುತ್ತದೆ. ಬೆಂಗಳೂರಿನ ಒಳ್ಳೆಯ ಅಂಗಡಿಯಲ್ಲಿ ಒಂದು ಬ್ಯಾಗೆಟ್‌ಗೆ ನೂರ ಮೂವತ್ತೋ ನೂರ ನಲವತ್ತೋ ಕೊಟ್ಟು ತಂದು ತೂಗಿದ್ದೇನೆ. ನನ್ನವೆರಡು ಸೇರಿದರೆ ಅದಕ್ಕಿಂತ ಹೆಚ್ಚು ತೂಗುತ್ತವೆ, ಹೊರಪದರದಲ್ಲಿ ನನ್ನದೇ ಮೇಲು. ಹಿಂದಿನ ಪ್ರಯತ್ನಗಳಿಗೆ ಕಲ್ಲು, ಹಾಳೆ, ಗಾಜು, ಆಮದು ಹಿಟ್ಟು ಎಂದು ಆರೇಳು ಸಾವಿರ ಹೋಗಿರಬಹುದು. ಈ ದಾರಿ ಹಿಡಿಯುವವರಿಗೆ ಈಗ ಹೆಂಚು, ಟ್ರೇ, ಥರ್ಮಾಮೀಟರ್ ಮೂರೂ ಸೇರಿ ಸಾವಿರದೊಳಗೆ ಆಗುತ್ತದೆ.

ನಮ್ಮ ಬಡಾವಣೆಯಲ್ಲಿ ಮೂವತ್ತು ವರ್ಷದಿಂದ ಬೇಕರಿ ನಡೆಸುತ್ತಿರುವ, ಇದೆಲ್ಲ ಆಗದ ಕೆಲಸವೆಂದು ಖಡಾಖಂಡಿತವಾಗಿ ಹೇಳಿದ್ದ ಹಿರಿಯರಿಗೆ ಒಂದು ಬ್ರೆಡ್ಡು ಕೊಟ್ಟು ಬಂದಿದ್ದೆ. ಅವರು ಮುರಿದು ಸದ್ದು ಕೇಳಿ, ತಿರುಳನ್ನು ಬೆರಳಿನಿಂದ ಒತ್ತಿ ಅದು ಮೇಲೇಳುವುದನ್ನು ನೋಡಿ, ಸಕ್ಕರೆ ಎಷ್ಟು ಹಾಕಿದ್ದೀಯೆಂದು ಕೇಳಿದರು. ಈಗ ತಮ್ಮ ಬನ್ನಿಗೂ ಬ್ರೆಡ್ಡಿಗೂ ನನ್ನಿಂದಲೇ ಮೊಳಕೆ ರಾಗಿ ಹಿಟ್ಟನ್ನು ತಿಂಗಳಿಗೆ ಕಾಲು ಕಿಲೋದಂತೆ ಒಯ್ಯುತ್ತಾರೆ. ಮಳೆಗಾಲದಲ್ಲಿ ರಾಗಿ ಒಣಗದೆ ಬೂಷ್ಟು ಹಿಡಿಯುವುದರಿಂದ ಅವರ ಪಾಲನ್ನೂ ಸೇರಿಸಿ ಮೇ ತಿಂಗಳೊಳಗೆ ಐದು ಕಿಲೋ ರಾಗಿಗೆ ಮೊಳಕೆ ಬರಿಸಿ, ಪುಡಿಮಾಡದೆ ಇಡಿ ಕಾಳಾಗಿಯೇ ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿಡುತ್ತೇನೆ. ಪುಡಿ ಬೇಗ ಕಸುವು ಕಳೆದುಕೊಳ್ಳುತ್ತದೆ, ಕಾಳು ದೀಪಾವಳಿಯವರೆಗೂ ತಡೆಯುತ್ತದೆ.